ಕೀಪ್‌ನಲ್ಲಿ ಕಾಣೆಯಾದ ಸೋಬಾನೆ ಹಾಡುಗಳನ್ನು ಹುಡುಕಿದ್ದು ಹೀಗೆ

ಮದುವೆ ಮನೆಗಳಲ್ಲಿ ಹಿರಿಯರ ಪಕ್ಕ ಕೂತು ಸೋಬಾನೆ ಹಾಡುಗಳನ್ನು ಬರೆದಿಟ್ಟುಕೊಳ್ಳುತ್ತೇನೆ. ಬರೆಯುವುದು ಫೋನಿನ ಗೂಗಲ್ ಕೀಪ್ ಎಂಬ ನೋಟ್ಸ್ ಆ್ಯಪ್‌ನಲ್ಲಿ. ಹೊಸ ಫೋನ್ ತಗೊಂಡ ಮೇಲೆ ಒಂದಷ್ಟು ಹಾಡುಗಳು ಕಾಣಲಿಲ್ಲ. ಹಾಡಿಕೊಟ್ಟವರಲ್ಲಿ ಕೆಲವರು ಈಗಿಲ್ಲ. ಸುಮ್ನೆ ಬಿಡೋಕೆ ಆಗುತ್ತಾ?

ಮೊದಲು ಟ್ರ್ಯಾಶ್ ನೋಡಿದೆ. ಅಲ್ಲಿಗೆ ಹೋದ ನೋಟ್ 7 ದಿನ ಮಾತ್ರ ಇರುತ್ತದೆ, ಆಮೇಲೆ ಪೂರ್ತಿ ಅಳಿಸಿಹೋಗುತ್ತದೆ. ಗಡುವು ಇರುವ ಜಾಗ ಅದೊಂದೇ, ಅದಕ್ಕೇ ಅದು ಮೊದಲು. ಅಲ್ಲಿ ಏನೂ ಇರಲಿಲ್ಲ. ಆರ್ಕೈವ್‌ನಲ್ಲಿ ಕೆಲವು ಸಿಕ್ಕವು. ಪಟ್ಟಿಯಲ್ಲಿ ನೋಟ್ ಮೇಲೆ ಬೆರಳು ಪಕ್ಕಕ್ಕೆ ಸರಿದರೆ ಸಾಕು, ಅದು ಅಲ್ಲಿಗೆ ಹೋಗಿ ಕೂರುತ್ತದೆ. ಎಷ್ಟು ವರ್ಷವಾದರೂ ಅಲ್ಲೇ ಇರುತ್ತದೆ.

ನನಗೆ ಎರಡು ಜಿಮೇಲ್ ಖಾತೆಗಳಿವೆ. ಕೀಪ್‌ನಲ್ಲಿ ಒಂದರ ನೋಟ್ ಇನ್ನೊಂದರಲ್ಲಿ ಕಾಣುವುದಿಲ್ಲ. ಮೇಲಿನ ಮೂಲೆಯ ಪ್ರೊಫೈಲ್ ಚಿತ್ರ ಒತ್ತಿ ಖಾತೆ ಬದಲಿಸಿದಾಗ ಇನ್ನಷ್ಟು ಬಂದವು. ಹಳೆಯ ಫೋನಿಗೂ ವೈಫೈ ಕೊಟ್ಟು ಕೀಪ್ ತೆರೆದಿಟ್ಟೆ. ಸಿಂಕ್ ಆಗದೆ, ಅಂದರೆ ಗೂಗಲ್ ಖಾತೆಗೆ ಸೇರದೆ ಉಳಿದ ನೋಟ್ ಇದ್ದರೆ ಅದು ಆ ಫೋನಿನಲ್ಲಿ ಮಾತ್ರ ಇರುತ್ತದೆ. ಆದ್ದರಿಂದ ಹುಡುಕಾಟ ಮುಗಿಯುವ ತನಕ ಅಲ್ಲಿ ಆ್ಯಪ್ ತೆಗೆಯಬಾರದು, ಅದರ ಡೇಟಾ ಕ್ಲಿಯರ್ ಮಾಡಬಾರದು.

ಇಷ್ಟಾದರೂ ಸಿಗದ ಹಾಡುಗಳು ನಿಜಕ್ಕೂ ಕಳೆದೇ ಹೋಗಿರಲಿಲ್ಲ. ಕಣ್ಣೆದುರೇ ಇದ್ದವು, ಸರ್ಚ್‌ಗೆ ಸಿಗುತ್ತಿರಲಿಲ್ಲ ಅಷ್ಟೇ. ಕನ್ನಡದಲ್ಲಿ ಬರೆಯುವವರಿಗೆ ಈ ತೊಂದರೆ ಜಾಸ್ತಿ. ಅರಿಸಿನ, ಅರಿಶಿನ, ಅರಿಶಿಣ ಎಲ್ಲವೂ ನಮ್ಮ ಬಾಯಲ್ಲಿವೆ. ಅಜ್ಜಿ ಹೇಳಿದ ಹಾಗೆ ಬರೆದಿದ್ದರೆ ಪುಸ್ತಕದ ಕಾಗುಣಿತ ಕೊಟ್ಟು ಹುಡುಕಿದರೆ ಸಿಗುವುದಿಲ್ಲ. ಪೂರ್ತಿ ಪದ ಬಿಟ್ಟು ‘ಅರಿ’ ಎಂದಷ್ಟೇ ಕೊಟ್ಟು ನೋಡಿದೆ. ಅವಸರದಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಹಾಡುಗಳೂ ಇದ್ದವು, ಅವಕ್ಕೆ ಇಂಗ್ಲಿಷ್ ಅಕ್ಷರದಲ್ಲೇ ಹುಡುಕಬೇಕು.

ಇನ್ನೂ ಕೆಲವನ್ನು ಗೆಳೆಯರೊಬ್ಬರು ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿ ಕಳಿಸಿದ್ದರು. ಅದು ಈಗ ಫೋನುಗಳು ಬಳಸುವ ಯೂನಿಕೋಡ್ ಅಕ್ಷರ ವ್ಯವಸ್ಥೆಯದಲ್ಲ. ಕೀಪ್‌ಗೆ ಅಂಟಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ. ಕಸ ಅಂದುಕೊಂಡು ಅಂಥವನ್ನು ಅಳಿಸಬೇಡಿ! ಪರಿವರ್ತಕಕ್ಕೆ ಹಾಕಿ ಯೂನಿಕೋಡ್ ಮಾಡಿಕೊಂಡೆ. ಪೂರ್ತಿ ಹಾಡು, ಪಲ್ಲವಿ ಸಮೇತ ಬಂತು. ಅಷ್ಟು ಹೊತ್ತಿನ ಹುಡುಕಾಟದಲ್ಲಿ ನನಗೆ ಹೆಚ್ಚು ಖುಷಿ ಕೊಟ್ಟಿದ್ದು ಅದೇ.

ನೋಟ್‌ಬುಕ್ಕಿನ ಫೋಟೋ ಮಾತ್ರ ಇದ್ದ ನೋಟ್‌ಗಳಿಗೆ ಬೇರೆ ದಾರಿ. ಸರ್ಚ್ ಪಟ್ಟಿ ಒತ್ತಿದರೆ ಕೆಳಗೆ ಚಿತ್ರ, ಧ್ವನಿ, ಪಟ್ಟಿ ಅಂತ ವಿಧಗಳು ಬರುತ್ತವೆ. ಚಿತ್ರ ಆರಿಸಿ ಒಂದೊಂದಾಗಿ ನೋಡಿದೆ. ಒಂದು ಹಾಡಿನ ಕೊನೆಯ ಸಾಲುಗಳು ಅಳಿಸಿಹೋಗಿದ್ದವು. ಅದಕ್ಕೆ ಕಂಪ್ಯೂಟರಿನಲ್ಲಿ ಕೀಪ್ ತೆರೆದು, ಮೂರು ಚುಕ್ಕಿಯ ಮೆನುವಿನಿಂದ ವರ್ಷನ್ ಹಿಸ್ಟರಿಗೆ ಹೋಗಿ ಹಿಂದಿನ ಪಠ್ಯ ಇಳಿಸಿಕೊಂಡೆ.

ಈಗ ಪ್ರತಿ ಹಾಡಿಗೂ ‘ಸೋಬಾನೆ’ ಲೇಬಲ್ ಇದೆ, ಶೀರ್ಷಿಕೆಯಲ್ಲಿ ಹಾಡಿದವರ ಊರೂ ಇದೆ. ಆಗಾಗ ಗೂಗಲ್ ಟೇಕ್‌ಔಟ್‌ನಿಂದ (ಖಾತೆಯ ಡೇಟಾ ಇಳಿಸಿಕೊಳ್ಳುವ ಗೂಗಲ್ ಸೇವೆ) ಕೀಪ್ ಪೂರ್ತಿ ಇಳಿಸಿಕೊಳ್ಳುತ್ತೇನೆ. ನೋಟ್‌ಗಳು ಎಚ್‌ಟಿಎಂಎಲ್ ಕಡತಗಳಾಗಿ ಬರುತ್ತವೆ, ಯಾವ ಬ್ರೌಸರಿನಲ್ಲಾದರೂ ತೆರೆದು ಓದಬಹುದು. ಒಂದು ಪ್ರತಿ ತಂಗಿಯ ಪೆನ್‌ಡ್ರೈವಿನಲ್ಲೂ ಇದೆ.