ಟೆಂಪೋ ಮಾಡಿದ ಮೇಲೆ ಕಾರ್ಡು ಬಂತು

ಅಂಗವಿಕಲರ ಗುರುತಿನ ಕಾರ್ಡಿಗೆ, ಅಂದರೆ ಯುಡಿಐಡಿಗೆ, ಯಾಕೆ ಅರ್ಜಿ ಬರ್ತಿಲ್ಲ ಅಂದರೆ "ಜನಕ್ಕೆ ಮಾಹಿತಿ ಇಲ್ಲ ಕಣ್ರೀ" ಅಂತ ಮೀಟಿಂಗಿನಲ್ಲಿ ಎಲ್ಲರೂ ಹೇಳುತ್ತಿದ್ದರು. ನಾನೂ ನಂಬಿದ್ದೆ. ಎರಡು ವರ್ಷ ಕರಪತ್ರ ಹಂಚಿದೆ, ಆಟೋಗೆ ಮೈಕ್ ಕಟ್ಟಿ ಕೂಗಿಸಿದೆ. ಆಟೋಗೇ 1,200 ರೂಪಾಯಿಯೋ ಏನೋ ಆಯ್ತು, ಪಂಚಾಯಿತಿಯಲ್ಲಿ ಅಂಗವಿಕಲರ ಕೆಲಸ ನೋಡುವ ನಮ್ಮಂಥ ವಿಆರ್‌ಡಬ್ಲ್ಯೂಗಳಿಗೆ (ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿಗೆ) ಬರೋ ಗೌರವಧನವೇ ಕಮ್ಮಿ. ಬಂದ ಅರ್ಜಿ ನಾಲ್ಕು.

ಆಮೇಲೆ ಕುರಿ ಕಾಯುವ ಒಬ್ಬ ಅಜ್ಜ ನನಗೆ ಲೆಕ್ಕ ಹೇಳಿಕೊಟ್ಟರು. ಪೋಲಿಯೋ ಆದ ಮಗನನ್ನು, ವೈಕಲ್ಯ ಎಷ್ಟು ಪರ್ಸೆಂಟ್ ಅಂತ ಡಾಕ್ಟರು ನೋಡಿ ಬರೆಯುವ ಮೆಡಿಕಲ್ ಬೋರ್ಡಿಗೆ ಕರೆದುಕೊಂಡು ಹೋದರೆ ಇಬ್ಬರ ಕೂಲಿ ಹೋಯ್ತು, ಬಸ್ಸು, ಊಟ, ಜೆರಾಕ್ಸು ಎಲ್ಲಾ ಸೇರಿ ಸಾವಿರ ದಾಟುತ್ತೆ, ಅವತ್ತು ಡಾಕ್ಟರು ರಜಾ ಅಂದರೆ ಇನ್ನೊಂದು ಸಾವಿರ. ಇಷ್ಟೆಲ್ಲಾ ಅಲೆದು 40 ಪರ್ಸೆಂಟಿಗೆ ಒಂದು ಕಮ್ಮಿ ಬರೆದರೆ ಪಿಂಚಣಿಯೇ ಇಲ್ಲ. ಬರೆದರೂ ತಿಂಗಳಿಗೆ 800. 75 ಪರ್ಸೆಂಟ್ ದಾಟಿದವರಿಗೆ ಮಾತ್ರ 1,400. "ಜೂಜಾಡೋಕೆ ನನ್ಹತ್ರ ದುಡ್ಡಿಲ್ಲಪ್ಪ" ಅಂದರು. ಮಾಹಿತಿ ಅವರಿಗೆ ನನಗಿಂತ ಜಾಸ್ತಿ ಇತ್ತು!

ಸರಿ, ಟೆಂಪೋ ಮಾಡಿದೆ. ಮೊದಲ ಸಲ ಮುಳುಗಿದೆ. ಹನ್ನೊಂದು ಜನ ಹೋದೆವು, ಆರು ಜನರ ಆಧಾರ್ ಹೆಸರು, ರೇಷನ್ ಕಾರ್ಡಿನ ಹೆಸರು ತಾಳೆ ಆಗದೆ ವಾಪಸ್. ಮೂರು ಸಾವಿರದ ಹತ್ತಿರ ಬಾಡಿಗೆ, ಅರ್ಧ ನನ್ನ ಜೇಬಿನದು. ಪಕ್ಕದ ಪಂಚಾಯಿತಿಯವರು ತಿಂಗಳುಗಟ್ಟಲೆ ನಕ್ಕರು. ಈಗ ಕಾಗದವೆಲ್ಲಾ ಹಿಂದಿನ ವಾರವೇ ಅವರವರ ಮನೆ ಜಗಲಿಯಲ್ಲಿ ಕೂತು ನೋಡುತ್ತೇನೆ, ಬೆಳಿಗ್ಗೆ ಡಾಕ್ಟರು ಬಂದರಾ ಅಂತ ಖಾತ್ರಿ ಆಗುವ ತನಕ ಗಾಡಿ ಬಿಡಿಸೋದಿಲ್ಲ. ಯಾರಿಗೆ ಫೋನ್ ಮಾಡ್ತೀನಿ ಅಂತ ಮಾತ್ರ ಕೇಳಬೇಡಿ. ತಲೆಗೆ 150 ತಗೋತೀನಿ, ಖುಷಿಯಿಂದ ಕೊಡುತ್ತಾರೆ. ನಾಲ್ಕು ಟ್ರಿಪ್ಪಿಗೆ ಮೂವತ್ತೆಂಟೋ ನಲವತ್ತೋ ಯುಡಿಐಡಿ ಆಗಿವೆ. ನಕ್ಕವರೇ ಈಗ ಟೆಂಪೋದವನ ನಂಬರ್ ಕೇಳುತ್ತಿದ್ದಾರೆ.

ಒಂದು ಮನೆಯಲ್ಲಿ ಮಾತ್ರ ಸೋತೆ. "ತಂಗಿಗೆ ಗಂಡು ನೋಡ್ತಾ ಇದ್ದೀವಿ, ಈಗ ಕಾರ್ಡು ಬೇಡ" ಅಂದುಬಿಟ್ಟರು. ಇನ್ನು ಕೆಲವರಿಗೆ ಪಿಂಚಣಿ ಮಾತು ಎತ್ತದೆ ಬಸ್ ಪಾಸಿನ ಆಸೆ ತೋರಿಸಿ ನೋಡಿದೆ, ವರ್ಷಕ್ಕೆ 660ಕ್ಕೆ ನೂರು ಕಿಲೋಮೀಟರ್ ಅಂತ. ಹುಡುಗರು ಬಂದರು, ಹೆಂಗಸರು ಬರಲಿಲ್ಲ.

ಈ ನಡುವೆ ಒಬ್ಬ ಅಕ್ಕ, ಪಿಂಚಣಿ ಮಂಜೂರಾಗಿ ಎರಡು ವರ್ಷವಾದರೂ ದುಡ್ಡೇ ಬಂದಿಲ್ಲ, ಇನ್ನು ಯಾವುದಕ್ಕೂ ಅರ್ಜಿ ಹಾಕಲ್ಲ ಅಂತ ಕೂತಿದ್ದರು. ಸುಮ್ನೆ ಆಧಾರ್ ಯಾವ ಖಾತೆಗೆ ಸೇರಿದೆ ಅಂತ ನೋಡಿದೆ. ಯಾವಾಗಲೋ ಸಿಮ್ ತಗೊಂಡಾಗ ಮೊಬೈಲ್ ಅಂಗಡಿಯಲ್ಲಿ ತೆರೆದುಕೊಟ್ಟ ಖಾತೆ! ಹತ್ತೊಂಬತ್ತು ಸಾವಿರದ ಚಿಲ್ಲರೆ ಅದರಲ್ಲೇ ಇತ್ತು. ಮುಂದಿನ ಟ್ರಿಪ್ಪಿಗೆ ಅವರೇ ಮೂರು ಜನರನ್ನು ಕರೆತಂದರು.