ಕ್ಯಾಶುವಾಲ್ಟಿ ಪೋಸ್ಟಿಂಗ್‌ಗೆ ಮೊದಲು ಕಿವಿ ತಯಾರಿರಲಿ

ಕಲಬುರಗಿಯಲ್ಲಿ ನರ್ಸಿಂಗ್ ಓದುತ್ತಿದ್ದೀರಿ, ಮುಂದಿನ ವಾರ ಕ್ಯಾಶುವಾಲ್ಟಿ, ಅಂದರೆ ತುರ್ತು ಚಿಕಿತ್ಸಾ ವಿಭಾಗದ ಪೋಸ್ಟಿಂಗ್. ರಾತ್ರಿಯೆಲ್ಲ ಪುಸ್ತಕ ತಿರುವುತ್ತಿರುತ್ತೀರಿ, ಅಲ್ವಾ? ಓದಿ. ಆದರೆ ಹೊರಗಿನಿಂದ ಬಂದವರಿಗೆ ಇಲ್ಲಿ ಮೊದಲು ಸೋಲುವುದು ಕಿವಿ.

ನಾನು ಹಳೇ ಮೈಸೂರು ಕಡೆಯವಳು. ವಿದ್ಯಾರ್ಥಿಯಾಗಿದ್ದಾಗ ಒಬ್ಬ ಅಜ್ಜಿ ಓಡಿ ಬಂದು, "ಯವ್ವಾ, ನಮ್ ಹುಡುಗ ಎಣ್ಣಿ ಕುಡದಾನ" ಅಂದರು. ಕುಡಿದು ಬಂದಿದ್ದಾನೆ ಅಂದುಕೊಂಡು ಸುಮ್ನೆ ನಿಂತೆ. ಸೀನಿಯರ್ ಸಿಸ್ಟರ್ ಆಗಲೇ ಗ್ಲೌಸ್ ಹಾಕಿ ಅವನ ಬಟ್ಟೆ ಕತ್ತರಿಸುತ್ತಿದ್ದರು. ಇಲ್ಲಿ ಎಣ್ಣಿ ಅಂದರೆ ತೊಗರಿಗೆ ಹೊಡೆಯುವ ಕೀಟನಾಶಕವೂ ಹೌದು.

ಹಾಗಾಗಿ ಒಂದು ವಾರ ಮೊದಲೇ ಹಾಸ್ಟೆಲ್‌ನ ಊರಿನ ಗೆಳತಿಯರ ಹತ್ತಿರ ಮಾತು ಕಲಿಯಿರಿ. "ಹುಳ ಮುಟ್ಟ್ಯಾದ" ಅಂದರೆ ಹಾವು ಕಚ್ಚಿರಬಹುದು. "ದಮ್ ಹತ್ಯಾದ" ಅಂದರೆ ಉಸಿರಾಟದ ತೊಂದರೆ. "ಚಕ್ಕರ್" ಅಂದರೆ ತಲೆಸುತ್ತು. ನಾಲ್ಕು ಮಾತು ಉರ್ದು, ತೆಲುಗು ಬಂದರೆ ಇನ್ನೂ ಒಳ್ಳೆಯದು. ಜೀಪು ತುಂಬ ಜನ ಬರುತ್ತಾರೆ, ಎಲ್ಲರೂ ಒಟ್ಟಿಗೆ ಮಾತಾಡುತ್ತಾರೆ. "ಕಾಕಾ, ಕಣ್ಣಾರೆ ನೋಡಿದವರು ಯಾರು?" ಎಂದು ಕೇಳಿ, ಅವರೊಬ್ಬರನ್ನು ಉಳಿಸಿಕೊಳ್ಳಿ. ವಿಷದ ಬಾಟಲಿ ತಂದಿದ್ದರೆ ಬಿಸಾಡಲು ಬಿಡಬೇಡಿ. ಯಾವ ಔಷಧ ಅಂತ ಡಾಕ್ಟರಿಗೆ ಗೊತ್ತಾಗಬೇಕು.

ಮೊದಲ ದಿನ ಡ್ಯೂಟಿಗೆ ಅರ್ಧ ಗಂಟೆ ಮುಂಚೆ ಹೋಗಿ. ಇನ್‌ಚಾರ್ಜ್ ಸಿಸ್ಟರನ್ನು ಕೇಳಿ ಕ್ರ್ಯಾಶ್ ಕಾರ್ಟಿನ (ತುರ್ತು ಔಷಧಗಳ ಗಾಡಿ) ಒಂದೊಂದೇ ಡ್ರಾಯರ್ ತೆಗೆದು ನೋಡಿ. ಅಡ್ರಿನಲಿನ್ ಎಲ್ಲಿದೆ, ಅಟ್ರೋಪಿನ್ ಎಲ್ಲಿದೆ, ಸಕ್ಷನ್ ಕೆಲಸ ಮಾಡುತ್ತಾ, ಆಕ್ಸಿಜನ್ ಕೀ ಯಾರ ಹತ್ತಿರ. ರಕ್ತನಾಳಕ್ಕೆ ಹಾಕುವ ಕ್ಯಾನುಲಾದ ನಂಬರ್, ಬಣ್ಣ ಬಾಯಿಗೆ ಬರಲಿ: 18 ಹಸಿರು, 20 ಗುಲಾಬಿ, 22 ನೀಲಿ.

ಹಾವಿನ ಕೇಸಿನಲ್ಲಿ ಕಟ್ಟಿಕೊಂಡು ಬಂದ ಹಗ್ಗವನ್ನು ನೀವಾಗಿಯೇ ಬಿಚ್ಚಬೇಡಿ. ಒಮ್ಮೆಲೇ ವಿಷ ಏರಬಹುದು, ಡಾಕ್ಟರ್ ಪಕ್ಕದಲ್ಲಿರಲಿ. ರಕ್ತ ಹೆಪ್ಪುಗಟ್ಟುತ್ತದಾ ಅಂತ ನೋಡುವ 20 ನಿಮಿಷದ ಪರೀಕ್ಷೆಯ ಕಾವಲು ನಿಮಗೇ ಬೀಳಬಹುದು. ಒಣಗಿದ, ಸ್ವಚ್ಛ ಗಾಜಿನ ಟ್ಯೂಬಿನಲ್ಲಿ 2 ಮಿಲಿ ರಕ್ತ ಹಾಕಿ ಅಲುಗಾಡಿಸದೆ ಇಡಬೇಕು. ಹೆಪ್ಪುಗಟ್ಟಿತಾ ಅಂತ ನಡುನಡುವೆ ಓರೆ ಮಾಡಿ ನೋಡುವ ಚಪಲ ಎಲ್ಲರಿಗೂ ಇರುತ್ತದೆ. ತಡೆದುಕೊಳ್ಳಿ.

ಏಪ್ರಿಲ್, ಮೇ ತಿಂಗಳಾದರೆ "ಬಿಸಿಲು ಬಡದದ" ಎಂಬ ಕೇಸು ಜಾಸ್ತಿ. ಮೈ 40 ಡಿಗ್ರಿ ದಾಟಿ, ರೋಗಿ ತೊದಲುತ್ತಿದ್ದರೆ ಪ್ಯಾರಾಸಿಟಮಾಲ್ ಉಪಯೋಗಕ್ಕೆ ಬರುವುದಿಲ್ಲ. ಬಟ್ಟೆ ಸಡಿಲಿಸಿ, ಮೈ ಒದ್ದೆ ಮಾಡಿ, ಫ್ಯಾನ್ ಹಾಕಿ, ಕಂಕುಳಿಗೆ ಐಸ್ ಇಡಿ.

ಸಿಪಿಆರ್ (ಹೃದಯ ನಿಂತವರ ಎದೆ ಒತ್ತುವುದು) ನಡೆಯುವಾಗ ಗೋಡೆಗೆ ಒರಗಿ ನಿಲ್ಲಬೇಡಿ. 2 ನಿಮಿಷಕ್ಕೊಮ್ಮೆ ಕೈ ಬದಲಿಸಲು ಜನ ಬೇಕು. ನಿಮಿಷಕ್ಕೆ 100ರಿಂದ 120 ಸಲ ಒತ್ತಬೇಕು, ಆಳ 5ರಿಂದ 6 ಸೆಂಟಿಮೀಟರ್. ದಿಂಬಿನ ಮೇಲೆ ಇವತ್ತೇ ರೂಢಿ ಮಾಡಿ.

ಸೂಜಿ ಚುಚ್ಚಿದರೆ ಗಾಯ ಹಿಂಡಬೇಡಿ. ಸೋಪು ನೀರಿನಲ್ಲಿ ತೊಳೆದು ತಕ್ಷಣ ಹೇಳಿ. ಬೈಯುತ್ತಾರೆ ಅಂತ ಮುಚ್ಚಿಟ್ಟವರನ್ನು ನೋಡಿದ್ದೇನೆ. ಎಚ್‌ಐವಿ ತಡೆಯುವ ಮಾತ್ರೆ ಆದಷ್ಟು ಬೇಗ ಶುರುವಾಗಬೇಕು, 72 ಗಂಟೆ ದಾಟಬಾರದು.

ಡಾಕ್ಟರ್ ಬಾಯಿಮಾತಲ್ಲಿ ಔಷಧ ಹೇಳಿದರೆ, ಹೆಸರು ಮತ್ತು ಪ್ರಮಾಣ ಜೋರಾಗಿ ತಿರುಗಿ ಹೇಳಿ. ಕಿವಿ ಇಲ್ಲೂ ಕೈಕೊಡಬಹುದು. ಖಾಲಿ ಆಂಪೂಲ್‌ಗಳನ್ನು ಚಾರ್ಟ್ ಬರೆದು ಮುಗಿಯುವವರೆಗೆ ಕಿಡ್ನಿ ಟ್ರೇಯಲ್ಲೇ ಇಟ್ಟುಕೊಳ್ಳಿ.