ಫ್ರೆಂಚ್ ಓಪನ್ ನೋಡುವಾಗ ಚೆಂಡು ಬಿಟ್ಟು ಕಾಲು ನೋಡಿ

ವಿಂಬಲ್ಡನ್‌ನ ಹುಲ್ಲಿನಂಕಣಕ್ಕೆ ಒಗ್ಗಿಹೋದ ಕಣ್ಣಿಗೆ ಆವೆಮಣ್ಣಿನ ಟೆನಿಸ್ ಸುಮ್ಮನೆ ಎಳೆದಂತೆ ಕಾಣುತ್ತದೆ. ಇಬ್ಬರೂ ಇಪ್ಪತ್ತು ಸಲ ಹೊಡೆದಾಡಿ ಕೊನೆಗೆ ಒಬ್ಬರು ನೆಟ್‌ಗೆ ಬಡಿದರೆ ‘ಇದಕ್ಕಾ ಇಷ್ಟು ಹೊತ್ತು?’ ಅನ್ನಿಸುತ್ತದೆ. ಆದರೆ ಇಲ್ಲಿ ಪಾಯಿಂಟ್ ಯಾರದ್ದೆಂದು ತೀರ್ಮಾನವಾಗುವುದು ಸಾಮಾನ್ಯವಾಗಿ ಕೊನೆಯ ಹೊಡೆತಕ್ಕಿಂತ ಎರಡು ಮೂರು ಹೊಡೆತ ಮೊದಲೇ. ಆ ಗಳಿಗೆ ಕಣ್ಣಿಗೆ ಬೀಳಬೇಕಾದರೆ ಆಟಗಾರ ಎಲ್ಲಿ ನಿಂತಿದ್ದಾನೆ, ಚೆಂಡನ್ನು ಯಾವ ಎತ್ತರದಲ್ಲಿ ಹೊಡೆಯುತ್ತಿದ್ದಾನೆ ಅನ್ನುವುದನ್ನು ಗಮನಿಸಬೇಕು.

ಮೊದಲು ನೆಲದ ವಿಷಯ. ಫ್ರೆಂಚ್ ಓಪನ್ ನಡೆಯುವ ಪ್ಯಾರಿಸ್‌ನ ರೋಲ್ಯಾಂಡ್ ಗ್ಯಾರೋಸ್‌ನಲ್ಲಿ ಕೆಂಪಗೆ ಕಾಣುವುದು ಹೊಲದ ಮಣ್ಣಲ್ಲ, ಇಟ್ಟಿಗೆ ಪುಡಿ. ಹಿಂದೆ ನಮ್ಮ ಮನೆಗಳಲ್ಲಿ ಹಿತ್ತಾಳೆ ಪಾತ್ರೆ ಉಜ್ಜುತ್ತಿದ್ದರಲ್ಲ, ಅಂಥದ್ದೇ. ಅದೂ ಒಂದೆರಡು ಮಿಲಿಮೀಟರ್ ದಪ್ಪ ಅಷ್ಟೆ. ಅದರ ಕೆಳಗೆ ಆರೇಳು ಸೆಂಟಿಮೀಟರ್ ಬಿಳಿ ಸುಣ್ಣಕಲ್ಲಿನ ಪುಡಿ, ಅದಕ್ಕೂ ಕೆಳಗೆ ಕಲ್ಲಿದ್ದಲ ಕಿಟ್ಟ, ಜಲ್ಲಿ. ಮೇಲಿನ ಪುಡಿಗೆ ತಾಗಿದ ಚೆಂಡಿಗೆ ಘರ್ಷಣೆ ಹೆಚ್ಚು, ಹಾಗಾಗಿ ಮುಂದಿನ ವೇಗ ಕುಗ್ಗಿ ಚೆಂಡು ನೆಟ್ಟಗೆ ಮೇಲೇಳುತ್ತದೆ. ಹುಲ್ಲಿನಲ್ಲಿ ಜಾರಿಹೋಗಿ, ಎದುರಾಳಿಗೆ ಸಿಗದೆ ಏಸ್ ಆಗುವ ಸರ್ವ್ ಇಲ್ಲಿ ಮರಳಿ ಬರುತ್ತದೆ.

ಪಂದ್ಯ ಶುರುವಾಗುವ ಮೊದಲು ಪ್ಯಾರಿಸ್‌ನ ಹವಾಮಾನ ನೋಡಿಕೊಳ್ಳಿ. ಬಿಸಿಲು ಕಾದಿದ್ದರೆ ಪುಡಿ ಒಣಗಿ ಅಂಕಣ ಗಟ್ಟಿಯಾಗುತ್ತದೆ. ಆಗ ಚೆಂಡು ಚಿಮ್ಮುತ್ತದೆ, ಟಾಪ್‌ಸ್ಪಿನ್ (ಚೆಂಡು ಮುಂದಕ್ಕೆ ಉರುಳುವಂತೆ ತಿರುಗಿಸುವ ಹೊಡೆತ) ಹೊಡೆಯುವವರಿಗೆ ಹಬ್ಬ. ಮೋಡ, ತುಂತುರು ಮಳೆ ಇದ್ದರೆ ಚೆಂಡಿಗೆ ತೇವದ ಪುಡಿ ಮೆತ್ತಿ ಭಾರವಾಗುತ್ತದೆ, ಎತ್ತರಕ್ಕೂ ಏಳುವುದಿಲ್ಲ. ಆಗ ಹೆಚ್ಚು ಸ್ಪಿನ್ ಕೊಡದೆ ಚಪ್ಪಟೆಯಾಗಿ, ಜೋರಾಗಿ ಹೊಡೆಯುವವರಿಗೆ ಅವಕಾಶ. ಆಟಗಾರರು ರ‍್ಯಾಕೆಟ್‌ನಿಂದ ಶೂ ತಟ್ಟಿಕೊಳ್ಳುವುದು ಪದೇ ಪದೇ ಕಂಡರೆ ಅಂಕಣ ಒದ್ದೆಯಿದೆ ಎಂದು ತಿಳಿಯಿರಿ. ಅಟ್ಟೆಯ ಸಂದುಗಳಲ್ಲಿ ಪುಡಿ ತುಂಬಿದರೆ ಹಿಡಿತ ತಪ್ಪುತ್ತದೆ. ಇದೇ ಲೆಕ್ಕದಲ್ಲಿ, ಫ್ರೆಂಚ್ ಓಪನ್‌ಗೆ ಮೊದಲು ಆವೆಮಣ್ಣಿನಲ್ಲೇ ನಡೆಯುವ ಮ್ಯಾಡ್ರಿಡ್ ಟೂರ್ನಿಯ ಫಲಿತಾಂಶ ನೋಡಿ ಪ್ಯಾರಿಸ್ ಚಾಂಪಿಯನ್ ಯಾರೆಂದು ಊಹಿಸಬೇಡಿ. ಮ್ಯಾಡ್ರಿಡ್ ಇರುವುದು ಸುಮಾರು 650 ಮೀಟರ್ ಎತ್ತರದಲ್ಲಿ. ತೆಳುಗಾಳಿಯಲ್ಲಿ ಚೆಂಡು ಹಾರುತ್ತದೆ. ಅದರ ನಂತರದ ರೋಮ್ ಟೂರ್ನಿಯ ಫಲಿತಾಂಶ ಹೆಚ್ಚು ನಂಬಿಕೆಗೆ ಅರ್ಹ.

ಆಟ ಶುರುವಾದ ಮೇಲೆ ಮೊದಲ ಎರಡು ಗೇಮ್ ಸರ್ವ್ ಮಾಡುವವರನ್ನು ಬಿಟ್ಟು ಸರ್ವ್ ಎದುರಿಸುವವರನ್ನೇ ನೋಡಿ. ಬೇಸ್‌ಲೈನ್‌ನಿಂದ (ಅಂಕಣದ ಹಿಂಬದಿಯ ಗೆರೆ) ಮೂರು ನಾಲ್ಕು ಮೀಟರ್ ಹಿಂದೆ ನಿಂತಿದ್ದರೆ, ಸಮಯ ಪಡೆದು ದೊಡ್ಡ ಸ್ವಿಂಗ್‌ನಿಂದ ಚೆಂಡನ್ನು ಆಳಕ್ಕೆ ಕಳಿಸುವ ಯೋಚನೆ. ಅದಕ್ಕೆ ತೆರಬೇಕಾದ ಬೆಲೆ: ಅಂಕಣದ ಮುಂಭಾಗವೆಲ್ಲ ಖಾಲಿ. ಎದುರಾಳಿ ಜಾಣನಾದರೆ ಅಗಲಕ್ಕೆ ಸರ್ವ್ ಮಾಡಿ ಹೊರಗೆಳೆಯುತ್ತಾನೆ, ಮುಂದಿನ ಚೆಂಡನ್ನು ಖಾಲಿ ಮೂಲೆಗೆ ಹಾಕುತ್ತಾನೆ.

ನಂತರ ಎತ್ತರ. ಟಿ.ವಿ. ಕ್ಯಾಮೆರಾ ಮೇಲಿನಿಂದ ತೋರಿಸುವುದರಿಂದ ಚೆಂಡು ಎಷ್ಟು ಮೇಲೆದ್ದಿತೆಂದು ಗೊತ್ತಾಗುವುದೇ ಇಲ್ಲ. ಹಾಗಾಗಿ ರ‍್ಯಾಕೆಟ್ ಚೆಂಡಿಗೆ ತಾಗುವ ಜಾಗವನ್ನು ಮೈಗೆ ಹೋಲಿಸಿ ನೋಡಬೇಕು. ಸೊಂಟದ ಮಟ್ಟದಲ್ಲಿ ಹೊಡೆಯುತ್ತಿರುವವರ ಕೈಯಲ್ಲಿ ಆಟ ಇದೆ. ಭುಜದ ಮೇಲೆ ಹೊಡೆಯುತ್ತಿರುವವರು ಬಚಾವಾಗಲು ನೋಡುತ್ತಿದ್ದಾರೆ. ರಫೆಲ್ ನಡಾಲ್ ಎಡಗೈ ಫೋರ್‌ಹ್ಯಾಂಡ್‌ನಿಂದ ರೋಜರ್ ಫೆಡರರ್ ಅವರ ಒಂಟಿಗೈ ಬ್ಯಾಕ್‌ಹ್ಯಾಂಡ್‌ಗೆ ವರ್ಷಗಟ್ಟಲೆ ಮಾಡಿದ್ದು ಇದನ್ನೇ: ಚೆಂಡನ್ನು ಭುಜದ ಮೇಲಕ್ಕೆ ಎಬ್ಬಿಸುವುದು. ರೋಲ್ಯಾಂಡ್ ಗ್ಯಾರೋಸ್‌ನಲ್ಲಿ ಇಬ್ಬರೂ ಆರು ಸಲ ಎದುರಾದರು, ಆರೂ ಸಲ ನಡಾಲ್ ಗೆದ್ದರು. ಫೆಡರರ್ ಇಲ್ಲಿ ಪ್ರಶಸ್ತಿ ಎತ್ತಿದ್ದು 2009ರಲ್ಲಿ ಮಾತ್ರ. ಆ ವರ್ಷ ನಡಾಲ್ ನಾಲ್ಕನೇ ಸುತ್ತಿನಲ್ಲೇ ರಾಬಿನ್ ಸೋಡರ್ಲಿಂಗ್‌ಗೆ ಸೋತಿದ್ದರು. ಸೋಡರ್ಲಿಂಗ್ ಚಪ್ಪಟೆಯಾಗಿ ಬಡಿಯುವ ಆಟಗಾರ ಅನ್ನುವುದು ನೆನಪಿರಲಿ.

ಇನ್ನು ಜಾರುವುದು. ಚೆನ್ನಾಗಿ ಜಾರುವವರು ಹೊಡೆಯುವ ಮೊದಲೇ ಜಾರಲು ಶುರು ಮಾಡುತ್ತಾರೆ. ಮೊಣಕಾಲು ಬಾಗಿರುತ್ತದೆ, ಜಾರುವಿಕೆ ಮುಗಿಯುವ ಹೊತ್ತಿಗೆ ಚೆಂಡು ರ‍್ಯಾಕೆಟ್‌ಗೆ ಸಿಗುತ್ತದೆ, ಅದೇ ಕಾಲಿನಿಂದ ನೆಲವನ್ನು ಒತ್ತಿ ವಾಪಸ್ ಬರುತ್ತಾರೆ. ಅಭ್ಯಾಸ ಸಾಲದವರು ಓಡಿ, ಹೊಡೆದು, ಆಮೇಲೆ ಜಾರುತ್ತಾರೆ. ಹಾಗಾದರೆ ಅಂಕಣದಿಂದ ಇನ್ನೂ ಎರಡು ಹೆಜ್ಜೆ ಆಚೆ ಹೋದಂತೆ. ಪಾಯಿಂಟ್ ಅಲ್ಲೇ ಕೈತಪ್ಪಿತು. ಓಡಿ ವಾಪಸಾಗುತ್ತಿರುವವರ ಬೆನ್ನ ಹಿಂದಕ್ಕೇ ಚೆಂಡು ಹಾಕುವುದು ಇಲ್ಲಿ ಅಷ್ಟು ಫಲ ಕೊಡುವುದೂ ಇದಕ್ಕೇ: ಸಡಿಲ ಪುಡಿಯ ಮೇಲೆ ತಟ್ಟನೆ ತಿರುಗಲು ಕಾಲಿಗೆ ಆಸರೆ ಸಿಗುವುದಿಲ್ಲ.

ಡ್ರಾಪ್ ಶಾಟ್ (ನೆಟ್ ದಾಟಿದ ಕೂಡಲೇ ಬೀಳುವಂತೆ ಮೆಲ್ಲಗೆ ಹಾಕುವ ಚೆಂಡು) ಕಂಡಾಗ ಹೊಡೆದವರ ಕಾಲು ಬೇಸ್‌ಲೈನ್‌ನ ಒಳಗಿತ್ತೋ ಹೊರಗಿತ್ತೋ ನೋಡಿ. ಒಳಗಿದ್ದು, ಎದುರಾಳಿ ಹಿಂದಿದ್ದರೆ ಸರಿಯಾದ ಆಯ್ಕೆ, ಪಾಯಿಂಟ್ ಹೋದರೂ ಸರಿಯೇ. ಬೇಸ್‌ಲೈನ್ ಹಿಂದಿನಿಂದ ಹಾಕಿದ್ದು ಬಹುಪಾಲು ಸುಸ್ತಿನ ಗುರುತು. ಚೆಂಡು ಅಷ್ಟು ದೂರ ಸಾಗುವಷ್ಟರಲ್ಲಿ ಎದುರಾಳಿ ತಲುಪಿಬಿಟ್ಟಿರುತ್ತಾರೆ.

ಗೆರೆಯ ಜಗಳಕ್ಕೂ ಒಂದು ಮಾತು. ಚೆಂಡಿನ ಗುರುತಿಗೂ ಬಿಳಿ ಗೆರೆಗೂ ನಡುವೆ ಕೆಂಪು ಸಂದು ಸ್ಪಷ್ಟವಾಗಿ ಕಂಡರೆ ಔಟ್, ತಾಗಿದ್ದರೆ ಇನ್. ರೋಲ್ಯಾಂಡ್ ಗ್ಯಾರೋಸ್‌ನಲ್ಲಿ 2025ರಲ್ಲೂ ಲೈನ್ ಜಡ್ಜ್‌ಗಳೇ ಇದ್ದರು, ಅಂಪೈರ್ ಕುರ್ಚಿಯಿಂದ ಇಳಿದು ಗುರುತು ನೋಡುತ್ತಿದ್ದರು. ಎಲೆಕ್ಟ್ರಾನಿಕ್ ತೀರ್ಪು ಇರುವ ಟೂರ್ನಿಗಳಲ್ಲಿ ನೆಲದ ಗುರುತಿಗೆ ಬೆಲೆಯಿಲ್ಲ. ಅದೇ ವರ್ಷ ಸ್ಟುಟ್‌ಗಾರ್ಟ್ ಟೂರ್ನಿಯಲ್ಲಿ ಆಟಗಾರ್ತಿ ಅರೀನಾ ಸಬಲೆಂಕಾ ಗುರುತಿನ ಫೋಟೊ ತೆಗೆದು ಎಚ್ಚರಿಕೆ ಪಡೆದದ್ದು ಹೀಗೆ.

ಅಂಕಿಅಂಶದ ಪಟ್ಟಿಯಲ್ಲಿ ಏಸ್‌ಗಳ ಸಂಖ್ಯೆ ಬಿಡಿ, ಮೊದಲ ಸರ್ವ್ ತಪ್ಪಿದಾಗ ಮಾಡುವ ಎರಡನೇ ಸರ್ವ್‌ನಲ್ಲಿ ಗೆದ್ದ ಪಾಯಿಂಟ್ ನೋಡಿ. ಮುನ್ನಡೆ ಕಂಡು ಟಿ.ವಿ. ಆರಿಸಬೇಡಿ. 2025ರ ಫೈನಲ್‌ನ ನಾಲ್ಕನೇ ಸೆಟ್‌ನಲ್ಲಿ ಕಾರ್ಲೊಸ್ ಅಲ್ಕರಾಜ್ 3–5, 0–40ರಲ್ಲಿದ್ದರು. ಸೋತಿದ್ದರೆ ಪ್ರಶಸ್ತಿಯೇ ಕೈತಪ್ಪುತ್ತಿದ್ದ ಆ ಮೂರೂ ಚಾಂಪಿಯನ್‌ಷಿಪ್ ಪಾಯಿಂಟ್ ಉಳಿಸಿಕೊಂಡು, 5 ಗಂಟೆ 29 ನಿಮಿಷದ ನಂತರ ಯಾನಿಕ್ ಸಿನ್ನರ್ ಅವರನ್ನು ಸೋಲಿಸಿದರು.

ನಮ್ಮ ಸಮಯ ಪ್ಯಾರಿಸ್‌ಗಿಂತ ಮೂರೂವರೆ ಗಂಟೆ ಮುಂದೆ. ಹೊರಗಿನ ಅಂಕಣಗಳಲ್ಲಿ ಆಟ ನಮ್ಮ ಮಧ್ಯಾಹ್ನ ಎರಡೂವರೆಗೆ ಶುರು. ಅಲ್ಲಿನ ರಾತ್ರಿ ಪಂದ್ಯ ನಮಗೆ ಹನ್ನೆರಡರ ಹತ್ತಿರ, ಮರುದಿನ ಆಫೀಸ್ ಇದ್ದರೆ ಅದರ ಗೊಡವೆ ಬೇಡ. ಮೊದಲ ವಾರ ಸಣ್ಣ ಅಂಕಣಗಳ ಪಂದ್ಯವೇ ಮೇಲು. ಕ್ಯಾಮೆರಾ ತಗ್ಗಿನಲ್ಲಿರುವ ಕಡೆ ಚೆಂಡಿನ ಎತ್ತರವೂ ಕಾಲಿನ ಜಾರುವಿಕೆಯೂ ಚೆನ್ನಾಗಿ ಕಾಣುತ್ತವೆ. ಡಬಲ್ಸ್ ಸಿಕ್ಕರೆ ಅದನ್ನೂ ನೋಡಿ. ಕೊಡಗಿನ ರೋಹನ್ ಬೋಪಣ್ಣ 2017ರಲ್ಲಿ ಕೆನಡಾದ ಗೇಬ್ರಿಯೆಲಾ ಡಬ್ರೊವ್‌ಸ್ಕಿ ಜೊತೆ ಮಿಶ್ರ ಡಬಲ್ಸ್ ಗೆದ್ದದ್ದು ಇದೇ ಕೆಂಪು ಪುಡಿಯ ಮೇಲೆ.